ಮಳೆಗೆ ಜಾತಿಯಿಲ್ಲ, ನೆಲಕ್ಕಿದೆ

ಮನುಷ್ಯ ಎಲ್ಲಿ ಬದುಕಬೇಕೆಂಬುದನ್ನು ಹವಾಗುಣ ಗೊತ್ತುಮಾಡುತ್ತದೆ ಎಂದು ನಮ್ಮ ಶಾಲೆಗಳ ಭೂಗೋಳ ಪಾಠ ಹೇಳಿಕೊಡುತ್ತದೆ. ಹಿಮದ ನಾಡಿನಲ್ಲಿ ಜನ ವಿರಳ, ಮರಳುಗಾಡಿನಲ್ಲಿ ವಿರಳ, ನದಿ ಬಯಲಿನಲ್ಲಿ ದಟ್ಟ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಅಂಕ ತಗೊಳ್ತಾರೆ. ಮೇಷ್ಟ್ರು ಮುಂದಿನ ಪಾಠಕ್ಕೆ ಹೋಗುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಅರ್ಧ ನಿಜ. ಅರ್ಧ ನಿಜ ಯಾವಾಗಲೂ ಉಳ್ಳವರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಉಳಿದ ಅರ್ಧವನ್ನು ಕೊಡಗಿನಲ್ಲಿ ನಿಂತು ಹುಡುಕಬೇಕು ಅನ್ನುವುದು ನಮ್ಮ ಉದ್ದೇಶ.

ಮೊದಲು ನಿಜವಾದ ಅರ್ಧವನ್ನು ಒಪ್ಪಿಕೊಳ್ಳೋಣ. ಅರಬ್ಬೀ ಸಮುದ್ರದಿಂದ ಜೂನ್ ತಿಂಗಳಲ್ಲಿ ಹೊರಟ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ಬಂದು ಬಡಿಯುತ್ತದೆ. ದಾರಿ ಇಲ್ಲದೆ ಮೇಲೇರುತ್ತದೆ, ಮೇಲೇರಿ ತಣ್ಣಗಾಗುತ್ತದೆ, ಹೊತ್ತ ನೀರನ್ನು ಅಲ್ಲೇ ಸುರಿಯುತ್ತದೆ. ತಲಕಾವೇರಿ, ಭಾಗಮಂಡಲದ ಕಡೆ ಒಂದು ವರ್ಷಕ್ಕೆ ಇನ್ನೂರು ಇಂಚಿಗೂ ಮೀರಿ ಮಳೆ ಹೊಯ್ದದ್ದುಂಟು. ಅಲ್ಲಿಂದ ಮಡಿಕೇರಿ ದಾಟಿ ಕುಶಾಲನಗರಕ್ಕೆ ಇಳಿದರೆ ನಲವತ್ತು ಇಂಚಿನ ಆಸುಪಾಸು. ರಸ್ತೆಯಲ್ಲಿ ಹೋದರೂ ಎಪ್ಪತ್ತು ಕಿಲೋಮೀಟರಿನ ಅಂತರ. ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಾ ಬಂದರೆ ಸಾಕು: ಪಡುವಣ ತುದಿಯಲ್ಲಿ ಹುಲ್ಲುಬೆಟ್ಟಗಳ ಸಂದಿಯಲ್ಲಿ ಕತ್ತಲೆ ತುಂಬಿದ ಶೋಲ ಕಾಡು, ನಡುವೆ ಹಸಿರು ಮಾಸದ ಮರಗಳ ನೆರಳಿನಲ್ಲಿ ಏಲಕ್ಕಿ ಕಾಫಿ, ಮೂಡಣಕ್ಕೆ ಬಂದಂತೆ ಬೇಸಗೆಯಲ್ಲಿ ಎಲೆ ಉದುರಿಸುವ ತೇಗ, ಬಿದಿರು, ಆಮೇಲೆ ಪಿರಿಯಾಪಟ್ಟಣದ ಹೊಗೆಸೊಪ್ಪು, ರಾಗಿಯ ಬಯಲು. ಗಾಳಿ ತನ್ನ ನೀರನ್ನೆಲ್ಲ ಬೆಟ್ಟಕ್ಕೆ ಕೊಟ್ಟು ಬರಿಗೈಯಲ್ಲಿ ಆಚೆ ಇಳಿಯುವುದರಿಂದ ಅದು ಮಳೆಯ ನೆರಳಿನ ನಾಡು.

ಕೊಪ್ಪೆನ್ ಎಂಬ ವಿಜ್ಞಾನಿ ಗಿಡಮರಗಳನ್ನೇ ಗುರುತಾಗಿಟ್ಟುಕೊಂಡು ಇಡೀ ಜಗತ್ತಿನ ಹವಾಗುಣದ ವಲಯಗಳನ್ನು ವಿಂಗಡಿಸಿದ. ಎಲ್ಲಿ ಯಾವ ಮರವೋ ಅಲ್ಲಿ ಅಂಥ ಹವೆ ಅನ್ನುವ ಲೆಕ್ಕ. ನಮ್ಮ ಜೇನುಕುರುಬರು, ಬೆಟ್ಟಕುರುಬರು, ಕುಡಿಯರು ಇದೇ ಲೆಕ್ಕವನ್ನು ಕಾಗದವಿಲ್ಲದೆ ಮಾಡಿಕೊಂಡು ಬಂದವರು. ಯಾವ ಮರ ಹೂಬಿಟ್ಟರೆ ಎಲ್ಲಿ ಜೇನು, ಯಾವ ಮಳೆಗೆ ಯಾವ ಅಣಬೆ, ಯಾವಾಗ ಕಣಿಲೆ ಮುರಿಯಬೇಕು ಅನ್ನುವುದು ಅವರಿಗೆ ಗೊತ್ತು. ಆತನದು ವಿಜ್ಞಾನವಾಯಿತು, ಇವರದು ಕಾಡುಜನರ ಅಭ್ಯಾಸವಾಯಿತು. ಅದು ಬೇರೆ ಮಾತು. ಹವೆ ನೆಲದ ಮೇಲೆ ಕಾಡನ್ನು ಬರೆಯುತ್ತದೆ ಅನ್ನುವುದರಲ್ಲಿ ನಮಗೆ ತಕರಾರಿಲ್ಲ.

ಹಳೆಯ ಕೊಡಗಿನ ಐನ್‌ಮನೆಗಳನ್ನು ನೋಡಿ. ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಊರು ಕಟ್ಟುವ ಪದ್ಧತಿ ಅಲ್ಲಿರಲಿಲ್ಲ. ಕೆಳಗೆ ನೀರು ನಿಲ್ಲುವ ಕಣಿವೆಯಲ್ಲಿ ಭತ್ತದ ಗದ್ದೆ, ಮೇಲೆ ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಕೊಡುವ ಬಾಣೆ ಕಾಡು, ಇವೆರಡರ ನಡುವೆ ಮನೆ. ಪ್ರವಾಹಕ್ಕೆ ಸಿಗದಷ್ಟು ಮೇಲೆ, ಬೆಟ್ಟದ ನೆತ್ತಿಯ ಗಾಳಿಗೆ ಸಿಗದಷ್ಟು ಕೆಳಗೆ. ಆ ಜಾಗವನ್ನು ಆರಿಸಿದವರು ಮಳೆಯನ್ನು ಚೆನ್ನಾಗಿ ಓದಿದ್ದರು. ಪಾಠದ ಪುಸ್ತಕ ಹೇಳುವ ಹವಾಗುಣಕ್ಕೆ ತಕ್ಕ ವಾಸ ಅಂದರೆ ಇದೇ.

ಆದರೆ ಒಂದು ಮಾತು ಕೇಳಬೇಕು. ಆ ಜಾಗವನ್ನು ಆರಿಸಿದರು ಅಂದೆವಲ್ಲ, ಆರಿಸುವ ಹಕ್ಕು ಯಾರಿಗಿತ್ತು? ಜಮ್ಮಾ ಭೂಮಿ ಇದ್ದವರಿಗೆ ಇತ್ತು. ಅದು ಹಾಲೇರಿ ಅರಸರ ಕಾಲದಿಂದ ವಂಶಕ್ಕೆ ಬಂದ, ಕಂದಾಯ ಕಡಿಮೆಯ ಭೂಮಿ. ೧೮೩೪ರಲ್ಲಿ ರಾಜ್ಯ ಕಸಿದುಕೊಂಡ ಬ್ರಿಟಿಷರೂ ಅದನ್ನು ಮುಂದುವರಿಸಿದರು. ಆ ಗದ್ದೆಗೆ ಇಳಿದು, ಕಕ್ಕಡದ ಮಳೆಯಲ್ಲಿ ಗೊರಬು ಹೊದ್ದು ಬೆನ್ನು ಬಗ್ಗಿಸಿ ನಾಟಿ ಮಾಡಿದ ಹೊಲೆಯರು, ಎರವರು ಯಾವ ಜಾಗ ಆರಿಸಿದರು? ಅವರು ಜೀತದಾಳುಗಳಾಗಿದ್ದರೆಂದು ಬ್ರಿಟಿಷರ ಕಾಲದ ದಾಖಲೆಗಳೇ ಹೇಳುತ್ತವೆ. ಕೆಲವರು ಭೂಮಿಯ ಜೊತೆ ಕಟ್ಟಿಹಾಕಲ್ಪಟ್ಟವರು, ಭೂಮಿ ಕೈ ಬದಲಾಯಿಸಿದರೆ ಅವರೂ ಬದಲಾಯಿಸಬೇಕು. ಇನ್ನು ಕೆಲವರನ್ನು ಬಿಡಿಬಿಡಿಯಾಗಿಯೇ ಮಾರಬಹುದಿತ್ತು. ಕಂಪನಿ ಸರ್ಕಾರ ೧೮೪೩ರಲ್ಲಿ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆಯನ್ನು ತೆಗೆಯಿತು. ಸಂಕೋಲೆ ತೆಗೆದರು, ನಿಲ್ಲೋಕೆ ನೆಲ ಕೊಡಲಿಲ್ಲ. ನೆಲವಿಲ್ಲದವನ ಸ್ವಾತಂತ್ರ್ಯ ಅಂದರೆ ಇನ್ನೊಬ್ಬನ ನೆಲದ ಮೂಲೆಯಲ್ಲಿ ನಿಲ್ಲುವ ಸ್ವಾತಂತ್ರ್ಯ. ಆ ಮೂಲೆ ಜೌಗೋ ಇಳಿಜಾರೋ ಅಂತ ಅವನು ಕೇಳುವ ಹಾಗಿಲ್ಲ.

ಆಮೇಲೆ ಕಾಫಿ ಬಂತು. ೧೮೫೪ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ತೋಟ ತೆರೆದ. ಇಲ್ಲಿನ ತಂಪು, ನೆರಳು, ಮಾರ್ಚ್ ಏಪ್ರಿಲಿನ ಹೂಮಳೆ, ಆಮೇಲಿನ ಮುಂಗಾರು ಎಲ್ಲವೂ ಕಾಫಿಗೆ ಹೇಳಿಮಾಡಿಸಿದ ಹವೆ. ಭೂಗೋಳ ಪುಸ್ತಕ ಇಲ್ಲಿಗೆ ನಿಲ್ಲಿಸುತ್ತದೆ. ಹವೆ ಕಾಫಿಯನ್ನು ಕರೆಯಿತು, ನಿಜ. ಕೂಲಿಗಳನ್ನು ಕರೆದದ್ದು ಹವೆಯಲ್ಲ. ಮೈಸೂರು ಬಯಲಿನಿಂದಲೂ ತಮಿಳು, ಮಲಯಾಳ ನಾಡುಗಳಿಂದಲೂ ಹಸಿದ ಜನ ಘಟ್ಟ ಹತ್ತಿದರು, ಇಲ್ಲಿನ ಎರವರು ಕುರುಬರು ತಾವು ಓಡಾಡಿದ ಕಾಡಿನಲ್ಲೇ ತೋಟದ ಆಳುಗಳಾದರು. ಅವರಿಗೆ ಲೈನ್‌ಮನೆ ಕಟ್ಟಿದರು. ಒಂದೇ ಗೋಡೆಗೆ ಅಂಟಿಕೊಂಡ ಸಾಲು ಕೋಣೆಗಳು. ೧೯೫೧ರ ಪ್ಲಾಂಟೇಷನ್ ಕಾರ್ಮಿಕರ ಕಾನೂನು ಮನೆ ಕೊಡುವುದು ಮಾಲೀಕನ ಹೊಣೆ ಅಂದಿತು. ಒಳ್ಳೆಯದೇ. ಆದರೆ ಆ ಮನೆ ಕೆಲಸದ ಬಾಲ. ಕೆಲಸ ಹೋದರೆ ಮನೆಯೂ ಹೋಯ್ತು. ೧೯೭೪ರಲ್ಲಿ ಉಳುವವನೇ ಹೊಲದೊಡೆಯ ಅನ್ನುವ ಕಾನೂನು ಬಂದಾಗ ನಾಡೆಲ್ಲ ಹಬ್ಬ ಮಾಡಿತು. ಅದೇ ಭೂಸುಧಾರಣಾ ಕಾಯ್ದೆಯ ೧೦೪ನೇ ಕಲಮು ಕಾಫಿ, ಚಹ, ಏಲಕ್ಕಿ, ರಬ್ಬರ್ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ಅಂದರೆ ಮಳೆ ಜಾಸ್ತಿ ಬೀಳುವ ಕಡೆ ನ್ಯಾಯ ಕಡಿಮೆ ಬಿತ್ತು. ಇದನ್ನೂ ಹವಾಗುಣದ ಪರಿಣಾಮ ಅಂತ ಬರೆದುಕೊಳ್ಳಬೇಕೇ?

ಇದು ಒಂದು ಜಾತಿಯನ್ನು ದೂರುವ ಮಾತಲ್ಲ. ತೋಟದ ಯಜಮಾನರಲ್ಲಿ ಬಿಳಿಯ ದೊರೆಗಳಿದ್ದರು, ಕಂಪನಿಗಳಿದ್ದವು, ನಮ್ಮವರೇ ಆದ ನಾನಾ ಜಾತಿಯ ಉಳ್ಳವರಿದ್ದಾರೆ. ನಾವು ಕೇಳುತ್ತಿರುವುದು ಒಂದು ನೀತಿಯ ಪ್ರಶ್ನೆ. ಮನುಷ್ಯ ಮಾಡಿದ್ದನ್ನು ಆಕಾಶದ ತಲೆಗೆ ಕಟ್ಟುವುದು ನ್ಯಾಯವೇ?

ಹೀಗೆ ಕಟ್ಟುವುದು ಹೊಸ ಕಸುಬಲ್ಲ. ಫ್ರಾನ್ಸಿನ ಮಾಂಟೆಸ್ಕ್ಯೂ ದೊಡ್ಡ ಚಿಂತಕ, ಸ್ವಾತಂತ್ರ್ಯದ ಪರವಾಗಿ ಬರೆದವನು. ಅವನೇ ೧೭೪೮ರ ತನ್ನ ಗ್ರಂಥದಲ್ಲಿ, ಬಿಸಿಲ ನಾಡಿನ ಜನ ಹವೆಯಿಂದಾಗಿ ಸೋಮಾರಿಗಳು, ಪುಕ್ಕಲರು, ಅಂಥ ಕಡೆ ಗುಲಾಮಗಿರಿ ಬೇರೂರುವುದು ಅಷ್ಟೇನೂ ಆಶ್ಚರ್ಯವಲ್ಲ ಎಂಬ ಅರ್ಥದ ಮಾತಾಡಿದ. ೧೯೧೫ರಲ್ಲಿ ಅಮೆರಿಕದ ಹಂಟಿಂಗ್ಟನ್ ನಾಗರಿಕತೆಯನ್ನೇ ಹವೆಯ ಕೂಸು ಮಾಡಿದ. ಅವನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಹವೆ ಇದ್ದದ್ದು ಬಿಳಿಯರ ನಾಡುಗಳಲ್ಲಿ! ನಮಗೆ ಈ ರಾಗ ಹೊಸದಲ್ಲ. ನಿನ್ನ ಹುಟ್ಟೇ ನಿನ್ನ ಕರ್ಮ, ನಿನ್ನ ಹಣೆಬರಹ ಅಂತ ಪುರೋಹಿತಶಾಹಿ ಸಾವಿರಾರು ವರ್ಷ ಹೇಳಿಕೊಂಡು ಬಂತು. ಹಣೆಬರಹದ ಜಾಗಕ್ಕೆ ಇವರು ಹವೆಬರಹ ತಂದರು, ಅಷ್ಟೇ. ಎರಡೂ ಕಡೆ ಬರೆದವನು ಮೇಲಿದ್ದಾನೆ, ಪ್ರಶ್ನೆ ಕೇಳಬೇಡ, ನಿನ್ನ ಜಾಗದಲ್ಲೇ ಇರು ಅನ್ನುವುದೇ ತಾತ್ಪರ್ಯ.

ಬಾಬಾಸಾಹೇಬರು ೧೯೨೭ರಲ್ಲಿ ಮಹಾಡ್‌ನ ಚೌದಾರ್ ಕೆರೆಯ ನೀರು ಮುಟ್ಟಿದರಲ್ಲ, ಅಲ್ಲಿ ಇದಕ್ಕೆ ಉತ್ತರವಿದೆ. ಕೆರೆಯನ್ನು ತುಂಬಿಸಿದ್ದು ಮಳೆ. ಅದನ್ನು ಅಸ್ಪೃಶ್ಯರು ಮುಟ್ಟಬಾರದು ಅಂದದ್ದು ಮಳೆಯಲ್ಲ. ಈ ಎರಡು ವಾಕ್ಯಗಳನ್ನು ಬೇರೆಬೇರೆಯಾಗಿ ಇಟ್ಟು ನೋಡುವುದೇ ನಮ್ಮ ಚಳವಳಿಯ ಭೂಗೋಳ.

ಈಗ ನಮ್ಮ ಎದುರಿಗೆ ಒಂದು ಗಟ್ಟಿ ವಾದ ಬರುತ್ತದೆ. ಅದನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ೨೦೧೮ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿದವು. ಮನೆ, ಗದ್ದೆ, ತೋಟ, ರಸ್ತೆ ಎಲ್ಲ ಕೆಸರಿನೊಳಗೆ ಹೋದವು. ಅಲ್ಲಿ ಕಾಫಿ ತೋಟದವರೂ ಬೀದಿಗೆ ಬಿದ್ದರು. ೨೦೧೯ರಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು. ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯಲ್ಲೇ ಗುಡ್ಡ ಜಾರಿ ಕ್ಷೇತ್ರದ ಅರ್ಚಕರ ಮನೆ ನೆಲಸಮವಾಯಿತು. ಅರ್ಚಕರೂ ಮನೆಯಲ್ಲಿದ್ದವರೂ ಮಣ್ಣಿನಡಿ ಸಿಕ್ಕು ಸತ್ತರು. ಕಾವೇರಿಯ ಮೂಲದಲ್ಲಿ ಪೂಜೆ ಮಾಡುತ್ತಿದ್ದವರನ್ನೂ ಮಳೆ ಬಿಡಲಿಲ್ಲ. ಹಾಗಿರುವಾಗ ಪ್ರಕೃತಿಗೆ ಜಾತಿ ಎಲ್ಲಿದೆ, ವರ್ಗ ಎಲ್ಲಿದೆ ಅಂತ ಕೇಳುತ್ತಾರೆ.

ನಾವು ಒಪ್ಪುತ್ತೇವೆ. ಮಳೆಗೆ ಜಾತಿಯಿಲ್ಲ. ಸತ್ತ ಪ್ರತಿಯೊಬ್ಬರೂ ನಮ್ಮವರೇ, ಆ ದುಃಖದಲ್ಲಿ ಲೆಕ್ಕ ಹಾಕುವುದು ಮನುಷ್ಯರ ಕೆಲಸವಲ್ಲ. ಆದರೆ ಮಳೆಯ ಮುಂಚಿನ ದಿನ, ಮಳೆಯ ನಂತರದ ದಿನ ಇವೆಯಲ್ಲ, ಅವು ಮಳೆಯ ಕೈಯಲ್ಲಿಲ್ಲ. ಮುಂಚಿನ ದಿನ ಗುಡ್ಡದ ಪಾದವನ್ನು ಜೆಸಿಬಿಯಿಂದ ಕೊರೆದು ರಸ್ತೆ ಮಾಡಿದವರು, ಹೋಂಸ್ಟೇ ರೆಸಾರ್ಟಿಗೆ ಇಳಿಜಾರು ಸಮ ಮಾಡಿದವರು ಯಾರು? ೨೦೧೮ರ ಕುಸಿತಕ್ಕೆ ವಿಪರೀತ ಮಳೆಯ ಜೊತೆಗೆ ಹೀಗೆ ಇಳಿಜಾರು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳೇ ಹೇಳಿದರು. ನಂತರದ ದಿನ ಪರಿಹಾರದ ಸಾಲಿನಲ್ಲಿ ನಿಂತಾಗ ಅಧಿಕಾರಿ ಕೇಳುವುದು ಪಹಣಿ. ತೋಟ ಕಳಕೊಂಡವನ ಕೈಯಲ್ಲಿ ಪಹಣಿ ಇದೆ. ಅದೇ ತೋಟದಲ್ಲಿ ದಿನಗೂಲಿ ಕಳಕೊಂಡವಳ ಕೈಯಲ್ಲಿ ಏನಿದೆ? ಅವಳ ನಷ್ಟ ಯಾವ ಸರ್ವೆ ನಂಬರಿನಲ್ಲೂ ಇಲ್ಲ. ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ದಂಡೆಗೆ ಅಂಟಿಕೊಂಡ ಮನೆಗಳನ್ನು ೨೦೧೯ರ ಪ್ರವಾಹ ಕೊಚ್ಚಿಕೊಂಡು ಹೋಯಿತು. ಹೊಳೆ ದಂಡೆಯಲ್ಲಿ ಯಾಕೆ ಕಟ್ಟಿಕೊಂಡಿರಿ ಅಂತ ಕೇಳುವುದು ಸುಲಭ. ಸುತ್ತಲಿನ ಗಟ್ಟಿ ನೆಲವೆಲ್ಲ ಕಾಫಿಗೆ ಹೋದ ಮೇಲೆ ಕೂಲಿಯವರಿಗೆ ಉಳಿದದ್ದು ಹೊಳೆ ಬೇಡವೆಂದು ಬಿಟ್ಟ ಅಂಚು ಮಾತ್ರ.

ಹವೆಯೇ ವಿಧಿಯಲ್ಲ ಅನ್ನುವುದಕ್ಕೆ ಹೊರ ಜಗತ್ತನ್ನೂ ನೋಡಬಹುದು. ಹಾಲೆಂಡಿನ ನೆಲದಲ್ಲಿ ದೊಡ್ಡದೊಂದು ಪಾಲು ಸಮುದ್ರದ ಮಟ್ಟಕ್ಕಿಂತ ಕೆಳಗೋ ಅದಕ್ಕೆ ಸಮವೋ ಇದೆ. ೧೯೫೩ರ ಬಿರುಗಾಳಿಯಲ್ಲಿ ಕಡಲು ನುಗ್ಗಿ ಅಲ್ಲಿ ೧೮೦೦ಕ್ಕೂ ಹೆಚ್ಚು ಜನ ಸತ್ತರು. ಆ ದೇಶ ಹತ್ತಾರು ವರ್ಷ ದುಡಿದು ಕಡಲಿಗೆ ಅಣೆ ಕಟ್ಟಿತು. ೧೯೭೦ರಲ್ಲಿ ಈಗಿನ ಬಾಂಗ್ಲಾದೇಶದ ಕರಾವಳಿಗೆ ಚಂಡಮಾರುತ ಬಡಿದಾಗ ಮೂರು ಲಕ್ಷ ಜನರಾದರೂ ಸತ್ತರು. ಎರಡೂ ಕಡೆ ತಗ್ಗಿನ ನೆಲ, ಎರಡೂ ಕಡೆ ಕಡಲು. ಬಾಂಗ್ಲಾ ಬಡದೇಶ, ಅದರ ಹಣೆಬರಹ ಅಷ್ಟೇ ಅಂತ ಹೇಳುವವರಿಗೂ ಉತ್ತರವಿದೆ. ಅದೇ ಬಡದೇಶ ಆಮೇಲೆ ಆಶ್ರಯ ಕಟ್ಟಡ ಕಟ್ಟಿ, ಊರೂರಿಗೆ ಮುನ್ಸೂಚನೆ ಮುಟ್ಟಿಸುವ ಸ್ವಯಂಸೇವಕರನ್ನು ತಯಾರು ಮಾಡಿದ ಮೇಲೆ, ೨೦೦೭ರ ದೊಡ್ಡ ಚಂಡಮಾರುತದಲ್ಲಿ ಸತ್ತವರ ಲೆಕ್ಕ ಲಕ್ಷದಿಂದ ಕೆಲವು ಸಾವಿರಕ್ಕೆ ಇಳಿಯಿತು. ಗಾಳಿ ಬದಲಾಗಿರಲಿಲ್ಲ. ಮನುಷ್ಯರ ಜೀವಕ್ಕೆ ಕಟ್ಟಿದ ಬೆಲೆ ಬದಲಾಗಿತ್ತು.

ಮತ್ತೆ ಕೊಡಗಿಗೆ ಬರೋಣ. ೨೦೧೧ರ ಜನಗಣತಿಯಲ್ಲಿ ಈ ಜಿಲ್ಲೆಯ ಹತ್ತು ಜನರಲ್ಲಿ ಒಬ್ಬರು ಪರಿಶಿಷ್ಟ ಪಂಗಡದವರು. ಕಾಡಿನ ಮೂಲದವರು. ಅವರು ಎಲ್ಲಿ ಇರಬೇಕೆಂಬುದನ್ನು ಹವೆ ಹೇಳಿತೇ? ನಾಗರಹೊಳೆ ೧೯೮೮ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹುಲಿ ಆನೆಗೆ ಕಾಡು, ಮನುಷ್ಯನಿಗೆ ಬೇಲಿಯಾಚೆ ಅಂತಾಯಿತು. ಹಾಡಿಗಳಿಂದ ಹೊರಬಿದ್ದವರಲ್ಲಿ ಬಹಳ ಜನ ತೋಟಗಳ ಲೈನ್‌ಮನೆ ಸೇರಿದರು. ಲೈನ್‌ಮನೆಯ ಬದುಕು ಸಾಕಾಗಿ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ೨೦೧೬ರ ಡಿಸೆಂಬರಿನಲ್ಲಿ ಒಕ್ಕಲೆಬ್ಬಿಸಿದರು. ಹೋರಾಟ ನಡೆಯಿತು, ನಾಡಿನ ಸಂಘಟನೆಗಳು ಜೊತೆಗೆ ನಿಂತವು. ಕೊನೆಗೆ ಸರ್ಕಾರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನೆಲೆ ಕೊಟ್ಟಿತು. ಅದು ಕುಶಾಲನಗರದ ಕಡೆ, ಮಳೆ ಕಡಿಮೆಯ ಮಗ್ಗುಲು. ಸೂರು ಸಿಕ್ಕಿತು, ಅದು ಹೋರಾಟದ ಗೆಲುವೇ. ಆದರೆ ಮರ, ಜೇನು, ಗೆಣಸು, ಗುರುತಿದ್ದ ಕೂಲಿಯ ತೋಟ ಎಲ್ಲ ಹಿಂದೆ ಉಳಿದವು. ಒಂದು ಹವೆಯಿಂದ ಇನ್ನೊಂದು ಹವೆಗೆ ಜನರನ್ನು ಒಂದು ಸರ್ಕಾರಿ ಆದೇಶ ದಾಟಿಸಿತು.

ಅತ್ತ ಸರ್ಕಾರಿ ಭೂಮಿ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ ೨೫ ಎಕರೆಯ ತನಕ ೩೦ ವರ್ಷದ ಗುತ್ತಿಗೆ ಕೊಡುವ ಕಾನೂನನ್ನು ಇತ್ತೀಚಿನ ವರ್ಷಗಳಲ್ಲಿ ಇದೇ ರಾಜ್ಯ ಮಾಡಿತು. ಗುಡಿಸಲು ಹಾಕಿದರೆ ಅತಿಕ್ರಮಣ, ಕಾಫಿ ಹಾಕಿದರೆ ಗುತ್ತಿಗೆ. ಇದಕ್ಕಿಂತ ಸ್ಪಷ್ಟವಾಗಿ ಏನು ಹೇಳಬೇಕು? ೨೦೦೬ರ ಅರಣ್ಯ ಹಕ್ಕು ಕಾಯ್ದೆ ಆದಿವಾಸಿಗೆ ಆದ ಐತಿಹಾಸಿಕ ಅನ್ಯಾಯವನ್ನು ಒಪ್ಪಿಕೊಂಡಿದೆ. ೨೦೨೫ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ೫೨ ಜೇನುಕುರುಬ ಕುಟುಂಬಗಳು ಆ ಕಾಯ್ದೆಯನ್ನೇ ಕೈಯಲ್ಲಿ ಹಿಡಿದು, ತಮ್ಮ ಹಿರಿಯರ ಜಾಗವೆಂದು ವಾಪಸು ನಡೆದುಹೋದವು. ಹವಾಗುಣಕ್ಕೆ ತಕ್ಕಂತೆ ಬದುಕುವುದನ್ನು ಅವರಿಗೆ ಯಾವ ಪುಸ್ತಕವೂ ಕಲಿಸಬೇಕಿರಲಿಲ್ಲ. ಬದುಕುವ ಹಕ್ಕಿಗಾಗಿ ಅರ್ಜಿ ಬರೆಯುವುದನ್ನು ಮಾತ್ರ ಕಲಿಯಬೇಕಾಯಿತು.

ಈಗ ಹವೆಯೇ ಬದಲಾಗುತ್ತಿದೆ. ಭೂಮಿ ಬಿಸಿಯಾದಂತೆ ಗಾಳಿ ಹೆಚ್ಚು ನೀರು ಹೊರುತ್ತದೆ, ಹೊತ್ತದ್ದನ್ನು ಒಮ್ಮೆಲೇ ಸುರಿಯುತ್ತದೆ. ೨೦೨೪ರ ಜುಲೈ ೩೦ರ ನಸುಕಿನಲ್ಲಿ ನಮ್ಮ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋಗಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ತೋಟದ ಲೈನುಗಳಲ್ಲಿ ಮಲಗಿದ್ದ ಕೂಲಿಕಾರರೂ ಅವರಲ್ಲಿದ್ದರು. ಆ ದಿನದ ಮಳೆಯನ್ನು ಮನುಷ್ಯ ಮಾಡಿದ ಹವಾಮಾನ ಬದಲಾವಣೆ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚಿಸಿತ್ತೆಂದು ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. ಅಂದರೆ ಮಳೆಯೂ ಪೂರಾ ನಿರ್ದೋಷಿಯಾಗಿ ಉಳಿದಿಲ್ಲ, ಅದರೊಳಗೆ ಯಾರದೋ ಕಾರ್ಖಾನೆಯ, ಯಾರದೋ ವಿಮಾನದ ಹೊಗೆ ಸೇರಿಕೊಂಡಿದೆ. ಎಂದೂ ಕಾರು ಹತ್ತದ ಎರವರ ಹೆಂಗಸಿನ ಗುಡಿಸಲ ಮೇಲೆ ಆ ಹೊಗೆ ಮಳೆಯಾಗಿ ಬೀಳುತ್ತದೆ.

ಹಾಗಾದರೆ ನಮ್ಮ ಬೇಡಿಕೆ ಏನು? ಬರೀ ಭೂಮಿ ಕೊಡಿ ಅಂದರೆ ಸಾಲದು. ಬಡವರಿಗೆ ಕೊಡುವಾಗ ಸರ್ಕಾರಕ್ಕೆ ಕಾಣುವುದು ಯಾರಿಗೂ ಬೇಡವಾದ ಪೈಸಾರಿ ಜಾಗ. ಕೈಯಲ್ಲಿ ಹಕ್ಕುಪತ್ರ, ತಲೆಯ ಮೇಲೆ ಜಾರುವ ಗುಡ್ಡ ಇದ್ದರೆ ಅದು ನ್ಯಾಯವಲ್ಲ. ಗಟ್ಟಿಯಾದ ನೆಲದ ಮೇಲೆ, ಕುಡಿಯುವ ನೀರಿಗೆ ಹತ್ತಿರ, ಕೆಲಸ ಬಿಟ್ಟರೂ ಬಿಡಬೇಕಾಗಿಲ್ಲದ ಸ್ವಂತ ಮನೆ ಬೇಕು. ಲೈನ್‌ಮನೆಯವರ ಹೆಸರು ಪರಿಹಾರದ ಪಟ್ಟಿಗೆ ಪಹಣಿಯಿಲ್ಲದೆಯೂ ಬರಬೇಕು. ಪರಿಸರ ಉಳಿಸುವ ಮಾತಾಡುವವರಿಗೂ ಒಂದು ಮಾತು: ಮಾಧವ ಗಾಡ್ಗೀಳರ ಸಮಿತಿ ೨೦೧೧ರಲ್ಲಿ ಘಟ್ಟದ ವರದಿ ಕೊಟ್ಟಾಗ ಗ್ರಾಮಸಭೆಗಳನ್ನು ಕೇಳಿ ತೀರ್ಮಾನಿಸಿ ಅಂದಿತ್ತು. ಆ ಗ್ರಾಮಸಭೆಯಲ್ಲಿ ಹಾಡಿಯವರು, ಲೈನಿನವರು ಹಿಂದೆ ನಿಂತು ಕೇಳಿಸಿಕೊಳ್ಳುವವರಾಗದೆ ಮುಂದೆ ಕೂತು ಮಾತಾಡಬೇಕು. ಅವರನ್ನು ಬಿಟ್ಟು ಉಳಿಸಿದ ಕಾಡು ಉಳ್ಳವರ ಉದ್ಯಾನವಾಗುತ್ತದೆ.

ಹಳ್ಳಿಯ ಮೇಷ್ಟ್ರುಗಳಿಗೆ, ಅಕ್ಕೋರುಗಳಿಗೆ ನಮ್ಮದೊಂದು ಕೋರಿಕೆ. ಹವಾಗುಣದ ಪಾಠ ಬಂದಾಗ ಮಕ್ಕಳ ಕೈಯಲ್ಲಿ ನಿಮ್ಮ ಊರಿನದೇ ನಕ್ಷೆ ಬರೆಸಿ. ಮಳೆನೀರು ಎಲ್ಲಿಂದ ಹರಿದು ಎಲ್ಲಿ ನಿಲ್ಲುತ್ತದೆ ಗುರುತು ಹಾಕಿಸಿ. ಆಮೇಲೆ ಯಾರ ಮನೆ ಎಲ್ಲಿದೆ ಗುರುತು ಹಾಕಿಸಿ. ಎತ್ತರದ ಒಣನೆಲದಲ್ಲಿ ಯಾರು, ನೀರು ನಿಲ್ಲುವ ತಗ್ಗಿನಲ್ಲಿ ಯಾರು, ಗುಡ್ಡದ ಬುಡದಲ್ಲಿ ಯಾರು? ನೀರು ಹರಿದದ್ದು ಯಾಕೆ ಅಂದರೆ ಮಕ್ಕಳು ಇಳಿಜಾರು ಅನ್ನುತ್ತಾರೆ, ಅದು ಸರಿ. ಈ ಮನೆಗಳು ಇಲ್ಲೇ ಯಾಕೆ ಬಂದವು ಅಂತಲೂ ಕೇಳಿ. ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಸಂಜೆ ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬರಲಿ.